300 ಮೀಟರಿಗೇ ಏದುಸಿರು, 5 ಕಿ.ಮೀ. ಓಡುವುದು ಹೇಗೆ?

ಪ್ರಶ್ನೆ: ನನಗೆ 36 ವರ್ಷ, ತೂಕ 82 ಕೆ.ಜಿ., ಕೂತು ಮಾಡುವ ಕೆಲಸ. ಇನ್ನು ಹತ್ತು ವಾರಕ್ಕೆ ನಮ್ಮೂರಲ್ಲಿ 5 ಕಿ.ಮೀ. ಓಟವಿದೆ, ಹೆಸರು ಕೊಟ್ಟಿದ್ದೇನೆ. 400 ಮೀಟರಿನ ಮೈದಾನದಲ್ಲಿ ಮುಕ್ಕಾಲು ಸುತ್ತಿಗೇ ಉಸಿರು ಕಟ್ಟುತ್ತದೆ. ದಿನಾ ಸ್ವಲ್ಪ ಸ್ವಲ್ಪ ದೂರ ಹೆಚ್ಚಿಸುತ್ತಾ ಹೋದರೆ ಸಾಕೇ?
– ಓದುಗರು, ದಾವಣಗೆರೆ

ಉತ್ತರ: ದಿನಾ ಬೇಡ, ವಾರಕ್ಕೆ ಮೂರು ದಿನ ಸಾಕು. ದೂರವನ್ನೂ ಸದ್ಯಕ್ಕೆ ಲೆಕ್ಕ ಹಾಕಬೇಡಿ, ನಿಮಿಷ ಲೆಕ್ಕ ಹಾಕಿ.

ಮುಂದಿನ ಸಲ ಆ ಮುಕ್ಕಾಲು ಸುತ್ತು ಓಡುವಾಗ ಗಡಿಯಾರ ನೋಡಿಕೊಳ್ಳಿ. 300 ಮೀಟರನ್ನು ಒಂದೂವರೆ ನಿಮಿಷದಲ್ಲಿ ಮುಗಿಸುತ್ತಿದ್ದರೆ ಅದು ಕಿಲೋಮೀಟರಿಗೆ 5 ನಿಮಿಷದ ವೇಗ. ಚೆನ್ನಾಗಿ ಪಳಗಿದವರು ಓಡುವ ವೇಗ ಅದು. ಓಟ ಶುರುವಾದ ಮೊದಲ ಎರಡು-ಮೂರು ನಿಮಿಷ ಸ್ನಾಯುಗಳು ಕೇಳುವಷ್ಟು ಆಮ್ಲಜನಕವನ್ನು ಹೃದಯ, ಶ್ವಾಸಕೋಶ ಒದಗಿಸಲಾರವು. ಅಷ್ಟರಲ್ಲೇ ಜೋರಾಗಿ ಓಡಿದರೆ ಏದುಸಿರು ಬಂದೇ ಬರುತ್ತದೆ. ಹೊಸಬರಿಗೆ ಕಿಲೋಮೀಟರಿಗೆ 8 ನಿಮಿಷ ಸರಿಯಾದ ವೇಗ, ಅಂದರೆ ಪೂರ್ತಿ ಒಂದು ಸುತ್ತಿಗೆ 3 ನಿಮಿಷ 12 ಸೆಕೆಂಡು. ಬಿರುಸು ನಡಿಗೆಗಿಂತ ಸ್ವಲ್ಪವೇ ಹೆಚ್ಚು. ಮೈದಾನದಲ್ಲಿ ನಡೆಯುವವರು ನಿಮ್ಮ ಪಕ್ಕದಲ್ಲೇ ಬರುತ್ತಿದ್ದಾರೆ ಅನ್ನಿಸುತ್ತದೆ, ನಾಚಿಕೆ ಬೇಡ. ಪಕ್ಕದವರಿಗೆ ಎಂಟು-ಹತ್ತು ಪದದ ಒಂದು ವಾಕ್ಯವನ್ನು ತಡೆಯದೆ ಹೇಳಲು ಬಂದರೆ ವೇಗ ಸರಿಯಿದೆ. ಎರಡು ಪದಕ್ಕೊಮ್ಮೆ ಉಸಿರೆಳೆಯುತ್ತಿದ್ದರೆ ಇನ್ನೂ ನಿಧಾನಿಸಿ.

ಪ್ರತಿ ಸಲವೂ 5 ನಿಮಿಷ ಬಿರುಸು ನಡಿಗೆಯಿಂದ ಶುರು ಮಾಡಿ, 5 ನಿಮಿಷ ಸಾವಕಾಶ ನಡಿಗೆಯಿಂದ ಮುಗಿಸಿ. ನಡುವೆ, ಮೊದಲೆರಡು ವಾರ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಎಂಟು ಬಾರಿ. ಮೂರನೇ ವಾರ 2 ನಿಮಿಷ ಓಟ, 2 ನಿಮಿಷ ನಡಿಗೆ, ಆರು ಬಾರಿ. ನಾಲ್ಕನೇ ವಾರ 3 ನಿಮಿಷ ಓಟ, 2 ನಿಮಿಷ ನಡಿಗೆ, ಐದು ಬಾರಿ. ಐದರಲ್ಲಿ 5 ನಿಮಿಷದ ಓಟ ನಾಲ್ಕು, ಆರರಲ್ಲಿ 8 ನಿಮಿಷದ್ದು ಮೂರು, ಏಳರಲ್ಲಿ 12 ನಿಮಿಷದ್ದು ಎರಡು, ಎಲ್ಲದರ ನಡುವೆ 2 ನಿಮಿಷ ನಡಿಗೆ. ಎಂಟನೇ ವಾರ 20 ನಿಮಿಷ ಓಡಿ, 2 ನಿಮಿಷ ನಡೆದು, ಮತ್ತೆ 10 ನಿಮಿಷ ಓಡಿ. ಒಂಬತ್ತನೇ ವಾರ ನಿಲ್ಲದೆ 30 ನಿಮಿಷ. ಹತ್ತನೇ ವಾರ ಓಟಕ್ಕೆ ಮುನ್ನ 15 ನಿಮಿಷದ ಹಗುರ ಓಟ ಎರಡೇ ಸಲ, ಹಿಂದಿನ ದಿನ ಪೂರ್ತಿ ವಿಶ್ರಾಂತಿ.

ಈ ಪಟ್ಟಿಯಲ್ಲಿ ಹೆಚ್ಚಿನವರು ಎಡವುವುದು ಐದನೇ ವಾರದ ಹೊತ್ತಿಗೆ. ಉಸಿರು ಆಗಲೇ ಹದಕ್ಕೆ ಬಂದಿರುತ್ತದೆ, ಉತ್ಸಾಹ ಏರಿರುತ್ತದೆ, ಎರಡು ವಾರದ್ದನ್ನು ಒಟ್ಟಿಗೆ ಮುಗಿಸೋಣ ಅನ್ನಿಸುತ್ತದೆ. ಹೃದಯ ಮತ್ತು ಉಸಿರು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ, ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ದೇಹತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ಸುಮಾರು 165ರಿಂದ 245 ಕೆ.ಜಿ. ಆ ಭಾರ ಹೊರುವ ಮೂಳೆಗೆ ವಿಶ್ರಾಂತಿಯ ದಿನವೇ ಗಟ್ಟಿಯಾಗುವ ದಿನ. ಒಂದು ವಾರ ಕಷ್ಟವಾದರೆ ಅದೇ ವಾರವನ್ನು ಮತ್ತೊಮ್ಮೆ ಮಾಡಿ. 5 ಕಿ.ಮೀ. ದೂರದಲ್ಲಿ ನಡುನಡುವೆ ನಾಲ್ಕೈದು ಸಲ ನಡೆದರೂ ಓಟ ಮುಗಿಸಿದಂತೆಯೇ ಲೆಕ್ಕ.

ಓಟದ ದಿನ ಸಾಲಿನ ಹಿಂಭಾಗದಲ್ಲಿ ನಿಲ್ಲಿ. ಮುಂದೆ ನಿಂತರೆ ಗುಂಪಿನ ರಭಸ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಮೊದಲ ಕಿಲೋಮೀಟರನ್ನು ಅಭ್ಯಾಸದ ವೇಗಕ್ಕಿಂತ ಅರ್ಧ ನಿಮಿಷ ನಿಧಾನವಾಗಿಯೇ ಮುಗಿಸಿ.

ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ ಅಥವಾ ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದರೆ ಶುರು ಮಾಡುವ ಮೊದಲೇ ವೈದ್ಯರನ್ನು ಕಾಣಿ. ಓಡುವಾಗ ಎದೆ ಒತ್ತಿದಂತಾದರೆ, ಕಣ್ಣು ಕತ್ತಲಿಟ್ಟರೆ ಅಲ್ಲಿಗೇ ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮೂರು ವಾರದಿಂದ ಟಾರು ರಸ್ತೆಯಲ್ಲಿ ಓಡುತ್ತಿದ್ದೇನೆ. ಮೊಣಕಾಲಿನ ಕೆಳಗೆ, ಮುಂಗಾಲ ಮೂಳೆಯ ಒಳಬದಿ ನೋಯುತ್ತದೆ. ಓಡುತ್ತಾ ಓಡುತ್ತಾ ಸರಿಹೋಗುತ್ತದೆ ಎನ್ನುತ್ತಾರೆ ಗೆಳೆಯರು.
– ಓದುಗರು, ಹಾಸನ

ಉತ್ತರ: ಗೆಳೆಯರ ಮಾತು ಕೇಳುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಕುರ್ಚಿಯಲ್ಲಿ ಕೂತು, ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಪಾದದ ಗಂಟಿನಿಂದ ಮೇಲಕ್ಕೆ ಮೂಳೆಯ ಒಳ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಒಂದು ಗೇಣಿನಷ್ಟು ಉದ್ದಕ್ಕೂ ಮಂದವಾಗಿ ನೋಯುತ್ತಿದ್ದರೆ ಅದು ಅತಿ ಶ್ರಮದ ನೋವು. ಒಂದು ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುರುಕ್ ಎಂದರೆ, ನಡೆಯುವಾಗ ಅಥವಾ ರಾತ್ರಿ ಮಲಗಿದಾಗಲೂ ನೋವಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕಿರಬಹುದು. ಓಟ ಪೂರ್ತಿ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ. ಶುರುವಿನಲ್ಲಿ ಇಂಥ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಹೋಗುವುದು ಸಾಮಾನ್ಯ. ಹಾಗಾಗಿ ಎಕ್ಸ್‌ರೇ ಸರಿಯಿದೆ ಎಂದಾಕ್ಷಣ ಮತ್ತೆ ಓಡಲು ಹೊರಡಬೇಡಿ.

ಮೊದಲನೆಯದಾದರೆ ಒಂದೆರಡು ವಾರ ಓಟದ ಬದಲು ಸೈಕಲ್ ತುಳಿಯಿರಿ. ದಿನ ಬಿಟ್ಟು ದಿನ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ, 15ರಂತೆ ಮೂರು ಸುತ್ತು. ಇಳಿಸುವಾಗ ಮನಸ್ಸಿನಲ್ಲೇ ಮೂರು ಎಣಿಸಿ. ಮತ್ತೆ ಓಡುವಾಗ ಹೆಜ್ಜೆ ಗಿಡ್ಡವಾಗಿರಲಿ. ಪಾದ ದೇಹಕ್ಕಿಂತ ತುಂಬಾ ಮುಂದೆ ಬಿದ್ದರೆ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತೆ, ಆ ಪೆಟ್ಟು ಇದೇ ಮೂಳೆಗೆ. ಗಟ್ಟಿ ಮಣ್ಣಿನ ದಾರಿ ಸಿಕ್ಕರೆ ಟಾರು ಬಿಡಿ.

ಪ್ರಶ್ನೆ: ಬೆಂಗಳೂರಲ್ಲಿರುವ ತಮ್ಮ, ನಾನು ಒಂದೇ ಪಟ್ಟಿಯಂತೆ ಅಭ್ಯಾಸ ಮಾಡುತ್ತಿದ್ದೇವೆ. ಅವನಿಗೆ ಸುಲಭ, ನನಗೆ ಎದೆ ಹೊಡೆದುಕೊಳ್ಳುತ್ತದೆ. ನನ್ನ ಶಕ್ತಿಯೇ ಇಷ್ಟೇನಾ?
– ಓದುಗರು, ಉಡುಪಿ

ಉತ್ತರ: ನಿಮ್ಮ ಶಕ್ತಿಗೆ ಏನೂ ಆಗಿಲ್ಲ, ಗಾಳಿಯಲ್ಲಿ ತೇವ ಹೆಚ್ಚು. ಬೆವರು ಸುರಿದರೆ ಸಾಲದು, ಅದು ಆವಿಯಾದಾಗಲೇ ಮೈ ತಣಿಯುವುದು. ಕರಾವಳಿಯಲ್ಲಿ ಬೆವರು ಆರದೆ ಅಂಗಿಯಿಂದ ತೊಟ್ಟಿಕ್ಕುತ್ತದೆ. ಮೈಯ ಬಿಸಿ ಹೊರಹಾಕಲು ಹೃದಯ ಚರ್ಮದ ಕಡೆಗೂ ರಕ್ತ ತಳ್ಳಬೇಕಾಗುತ್ತದೆ, ಅದೇ ವೇಗಕ್ಕೂ ನಾಡಿ ಏರುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಬೆಳಗಿನ ತಂಪು ತಮ್ಮನಿಗೆ ಪುಕ್ಕಟೆ ಸಹಾಯ ಮಾಡುತ್ತಿದೆ. ನೀವು ಸೂರ್ಯ ಮೂಡುವ ಮೊದಲೇ ಹೊರಡಿ, ಅವನಿಗಿಂತ ಕಿಲೋಮೀಟರಿಗೆ ಅರ್ಧದಿಂದ ಒಂದು ನಿಮಿಷ ನಿಧಾನವಾಗಿ ಓಡಿ. ಹತ್ತಿಯ ಬನಿಯನ್ ಬೆವರು ಹೀರಿ ಭಾರವಾಗುತ್ತದೆ, ತೆಳುವಾದ ಪಾಲಿಯೆಸ್ಟರ್ ಅಂಗಿ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ತಲೆಸುತ್ತು, ವಾಕರಿಕೆ, ಮೈ ಜುಮ್ಮೆನ್ನುವುದು ಕಂಡರೆ ನೆರಳಿಗೆ ಹೋಗಿ ಮೈಮೇಲೆ ನೀರು ಸುರಿದುಕೊಳ್ಳಿ.

ಪ್ರಶ್ನೆ: ಶೂ ಯಾವುದು ಕೊಳ್ಳಲಿ? ಬೆಳಗ್ಗೆ ಏನು ತಿಂದು ಓಡಬೇಕು?
– ಓದುಗರು, ಧಾರವಾಡ

ಉತ್ತರ: ಓಟಕ್ಕೆಂದೇ ಮಾಡಿದ ಶೂ ಇರಲಿ, ದುಬಾರಿಯೇ ಆಗಬೇಕಿಲ್ಲ. ಪಾದ ತುಸು ಊದಿರುವ ಸಂಜೆ ಹೊತ್ತು, ಓಡುವಾಗಿನ ಕಾಲುಚೀಲವನ್ನೇ ಹಾಕಿಕೊಂಡು ಅಂಗಡಿಗೆ ಹೋಗಿ. ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲ ಜಾಗ ಉಳಿಯಬೇಕು, ಹಿಮ್ಮಡಿ ಜಾರಬಾರದು. ಚಿಕ್ಕದಾದರೆ ಉಗುರು ಕಪ್ಪಾಗುತ್ತದೆ. ಸುಮಾರು 500ರಿಂದ 800 ಕಿ.ಮೀ. ಆದ ಮೇಲೆ ಅಡಿಭಾಗದ ಮೆತ್ತೆ ಸತ್ತಿರುತ್ತದೆ, ಮೇಲಿಂದ ಹೊಸದಾಗಿ ಕಂಡರೂ ಬದಲಿಸಿ.

ಅರ್ಧ ಗಂಟೆಯ ಓಟಕ್ಕೆ ತಿಂಡಿ ಬೇಕಿಲ್ಲ, ಒಂದು ಲೋಟ ನೀರು ಸಾಕು. ಹಸಿವಾದರೆ ಅರ್ಧ ಗಂಟೆ ಮುಂಚೆ ಅರ್ಧ ಬಾಳೆಹಣ್ಣು. ದೋಸೆ, ಉಪ್ಪಿಟ್ಟು ತಿಂದಿದ್ದರೆ ಎರಡು ಗಂಟೆ ಬಿಡಿ, ಇಲ್ಲದಿದ್ದರೆ ಪಕ್ಕೆ ಹಿಡಿದುಕೊಳ್ಳುವ ಸಂಭವ ಹೆಚ್ಚು. ಹಿಡಿದುಕೊಂಡರೆ ನಡಿಗೆಗೆ ಇಳಿದು, ನೋಯುವ ಜಾಗವನ್ನು ಬೆರಳಿನಿಂದ ಒತ್ತಿ, ಉಸಿರನ್ನು ಉದ್ದಕ್ಕೆ ಹೊರಬಿಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಓಡಬೇಡಿ. ಔಷಧಿಯ ಹೊತ್ತು, ಪ್ರಮಾಣವನ್ನು ವೈದ್ಯರ ಬಳಿ ಕೇಳಿಕೊಳ್ಳಿ, ಓಡುವಾಗ ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣ ಇರಲಿ.