ಯೆರಿಕೋಗೆ ಇಳಿಯೋ ದಾರಿ, ಯೆರೂಸಲೇಮಿನ ನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೈಬಲ್‌ನಲ್ಲಿ ಬರೋ ಊರುಗಳ ಬಗ್ಗೆನೇ ಇದ್ವು, ಅದಕ್ಕೇ ಬೇರೆ ಪ್ರಶ್ನೆ ಎಲ್ಲ ಮುಂದಿನ ಸಲಕ್ಕೆ ಇಟ್ಕೊಂಡು ಇವನ್ನಷ್ಟೇ ತಗೊಂಡಿದೀನಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಆ ಕಡೆ ಯಾವ ಊರಿನ ಕತೆ ಓದಿದ್ರೂ ನಾನು ಮೊದಲು ನೋಡೋದು ಅಲ್ಲಿಗೆ ನೀರು ಎಲ್ಲಿಂದ ಬರ್ತಿತ್ತು ಅಂತ. ಮಳೆಗಾಲ ಹಿಡೀತು ಅಂದ್ರೆ ತಿಂಗಳುಗಟ್ಟಲೆ ಬಟ್ಟೆ ಒಣಗದ ನಮ್ಮ ಕಡೆಯವರಿಗೆ ಈ ಪ್ರಶ್ನೆ ತಾನಾಗಿ ಹುಟ್ಟಲ್ಲ, ಆದ್ರೆ ಅದನ್ನ ಕೇಳಿದ್ರೆ ಎಷ್ಟೋ ವಾಕ್ಯಗಳು ತೆರ್ಕೊಳ್ತವೆ.

ಪ್ರಶ್ನೆ (ತೀರ್ಥಹಳ್ಳಿ): ಮೇಷ್ಟ್ರೇ, ಸಂಡೇ ಸ್ಕೂಲ್ ಮಕ್ಕಳಿಗೆ ಒಳ್ಳೆ ಸಮಾರ್ಯದವನ ಕತೆ ಹೇಳ್ತಿದ್ದೆ. ಒಬ್ಬ ಮನುಷ್ಯ ಯೆರೂಸಲೇಮಿಂದ ಯೆರಿಕೋಗೆ ‘ಇಳಿದು’ ಹೋಗ್ತಿದ್ದ ಅಂತ ಇದೆಯಲ್ಲ, ಒಬ್ಬ ಹುಡುಗ ಎದ್ದು ನಿಂತು ‘ಇಳಿದು ಯಾಕೆ ಮಿಸ್, ಹೋಗ್ತಿದ್ದ ಅಂದ್ರೆ ಸಾಲ್ದಾ’ ಅಂದ. ಏನು ಹೇಳ್ಲಿ?

ಉತ್ತರ: ಆ ಹುಡುಗನಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ನೀವು ಉಡುಪಿಗೆ ಹೋಗೋವಾಗ ‘ಘಟ್ಟ ಇಳೀತೀವಿ’ ಅಂತೀರಲ್ಲ, ಅದೇ ಇದು. ಯೆರೂಸಲೇಮ್ ಇರೋದು ಬೆಟ್ಟದ ಸಾಲಿನ ಮೇಲೆ, ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಅಂದ್ರೆ ನಮ್ಮ ಆಗುಂಬೆಗಿಂತ ಸ್ವಲ್ಪ ಮೇಲೆ. ಯೆರಿಕೋ ಸಮುದ್ರ ಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗೆ. 25 ಕಿಲೋಮೀಟರ್ ಚಿಲ್ಲರೆ ದಾರಿಲಿ ಸಾವಿರ ಮೀಟರ್ ಇಳೀಬೇಕು.

ಆದ್ರೆ ಆಗುಂಬೆ ಘಟ್ಟದ ಚಿತ್ರ ಮನಸಲ್ಲಿಟ್ಕೊಂಡು ಹೇಳಿದ್ರೆ ಮಕ್ಕಳಿಗೆ ಅರ್ಧ ಮಾತ್ರ ಸಿಗುತ್ತೆ, ಯಾಕಂದ್ರೆ ನಮ್ಮ ಘಟ್ಟ ಹಸಿರು, ಅದು ಬೋಳು. ಕಾರಣ ಮಾತ್ರ ಎರಡು ಕಡೆನೂ ಒಂದೇ. ಅರಬ್ಬಿ ಸಮುದ್ರದ ಮೋಡ ಬಂದು ಘಟ್ಟಕ್ಕೆ ಬಡಿದು ಆಗುಂಬೆಲೇ ಖಾಲಿ ಆಗುತ್ತೆ, ಅಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುತ್ತೆ, ಶಿವಮೊಗ್ಗಕ್ಕೆ ಬರೋ ಹೊತ್ತಿಗೆ ಎಷ್ಟೋ ಕಮ್ಮಿ ಆಗಿರುತ್ತೆ, ಚಿತ್ರದುರ್ಗ ಮುಟ್ಟೋದ್ರೊಳಗೆ ಪೂರ್ತಿ ಬಯಲುಸೀಮೆ. ಅಲ್ಲೂ ಹಾಗೇ, ಮೋಡ ಪಶ್ಚಿಮದ ಮೆಡಿಟರೇನಿಯನ್ ಸಮುದ್ರದಿಂದ ಬಂದು ಯೆರೂಸಲೇಮಿನ ಬೆಟ್ಟದ ಮೇಲೆ ಇದ್ದಷ್ಟು ಸುರಿಸಿಬಿಡುತ್ತೆ, ಬೆಟ್ಟದ ಪೂರ್ವಕ್ಕೆ ಇಳಿದ್ರೆ ಯೂದಾಯದ ಮರುಭೂಮಿ. ಪಕ್ಕದಲ್ಲಿ ಆಳವಾದ ಕಣಿವೆ, ಸುತ್ತ ಗುಹೆ, ಕೂಗಿದ್ರೆ ಕೇಳೋರಿಲ್ಲ. ಕಳ್ಳರಿಗೆ ಇನ್ನೇನು ಬೇಕು?

ಇನ್ನೊಂದು ವಿಷಯ ಇದೆ, ಇದು ನನಗೆ ಬಹಳ ಮುಖ್ಯ ಅನ್ಸುತ್ತೆ. ಕಳ್ಳರು ಹೊಡೆದು ಅರೆಜೀವ ಮಾಡಿ ಬಿಟ್ಟುಹೋದ ಆ ಮನುಷ್ಯನನ್ನ ನೋಡಿಯೂ ಒಬ್ಬ ಯಾಜಕ, ಅಂದ್ರೆ ದೇವಾಲಯದ ಪೂಜಾರಿ, ಪಕ್ಕಕ್ಕೆ ಸರಿದು ಹೋಗ್ತಾನಲ್ಲ, ಲೂಕ 10ರಲ್ಲಿ ಅವನೂ ಅದೇ ದಾರಿಲಿ ‘ಇಳಿದು’ ಬರ್ತಿದ್ದ ಅಂತಾನೇ ಇದೆ. ಹೆಣ ಮುಟ್ಟಿದ್ರೆ ಮೈಲಿಗೆ ಆಗಿ ದೇವಾಲಯದ ಸೇವೆ ತಪ್ಪುತ್ತೆ ಅಂತ ಅವನು ದೂರ ಹೋದ ಅಂತ ಪ್ರಸಂಗದಲ್ಲಿ ಹೇಳೋದು ಕೇಳಿರ್ತೀರಿ. ಆದ್ರೆ ಇಳೀತಿದ್ದ ಅಂದ್ರೆ ದೇವಾಲಯ ಅವನ ಬೆನ್ನ ಹಿಂದೆ ಆಯ್ತು, ಅಲ್ಲಿ ಸೇವೆ ಇದ್ದಿದ್ರೂ ಅದು ಮುಗಿದ ಹಾಗೆ. ಆ ನೆಪ ಕೂಡ ಅವನಿಗೆ ಗಟ್ಟಿಯಾಗಿ ಉಳಿಯಲ್ಲ. ಒಂದೇ ಒಂದು ‘ಇಳಿದು’ ಇಷ್ಟು ಕೆಲಸ ಮಾಡುತ್ತೆ, ಹುಡುಗನಿಗೆ ಇದನ್ನ ತಪ್ಪದೇ ಹೇಳಿ.

ಇಷ್ಟು ಒಣ ದಾರಿ ಮುಗಿಸಿ ಕೆಳಗೆ ಮುಟ್ಟಿದ್ರೆ ಯೆರಿಕೋ ಮಾತ್ರ ಹಸಿರು, ಧರ್ಮೋಪದೇಶಕಾಂಡದಲ್ಲಿ ಅದನ್ನ ಖರ್ಜೂರದ ಮರಗಳ ಪಟ್ಟಣ ಅಂತ ಕರೆದಿದೆ. ಎಲ್ಲಾ ಒಂದು ಒರತೆಯ ಪುಣ್ಯ. ಪ್ರವಾದಿ ಎಲೀಷ ಉಪ್ಪು ಹಾಕಿ ಸಿಹಿ ಮಾಡಿದ್ದು ಇದೇ ನೀರನ್ನ ಅಂತ ನಂಬಿಕೆ, ಇವತ್ತಿಗೂ ಹರೀತಿದೆ. ಆ ನೀರಿನ ಪಕ್ಕದಲ್ಲೇ ಹತ್ತು ಸಾವಿರ ವರ್ಷದ ಹಿಂದಿನ ಕಲ್ಲಿನ ಗೋಪುರ ಸಿಕ್ಕಿದೆ, ಎತ್ತರ ಸುಮಾರು ಎಂಟೂವರೆ ಮೀಟರ್. 2023ರಲ್ಲಿ ಆ ದಿಬ್ಬ ಯುನೆಸ್ಕೋ ಪಟ್ಟಿಗೆ ಸೇರ್ತು. ಯೆಹೋಶುವ ಮುತ್ತಿಗೆ ಹಾಕಿದಾಗ ಬಿತ್ತು ಅಂತ ಬೈಬಲ್ ಹೇಳೋ ಗೋಡೆ ಸಿಕ್ತಾ ಅಂತ ಮಕ್ಕಳು ಕೇಳೇ ಕೇಳ್ತಾರೆ. 1952ರಿಂದ 1958ರ ತನಕ ಅಗೆದ ಪುರಾತತ್ವ ತಜ್ಞೆ ಕ್ಯಾಥ್ಲೀನ್ ಕೆನ್ಯನ್ ಅಲ್ಲಿ ಬಿದ್ದ ಗೋಡೆಗಳು ಆ ಕಾಲಕ್ಕಿಂತ ಹಳೇವು ಅಂದ್ರು, ಒಪ್ಪದೇ ಇರೋರೂ ಇದಾರೆ. ಇದನ್ನ ಮಕ್ಕಳಿಂದ ಮುಚ್ಚಿಡಬೇಡಿ. ಮತ್ತೆ ಯೆರಿಕೋಲಿ ಯೇಸುಸ್ವಾಮಿನ ನೋಡೋಕೆ ಜಕ್ಕಾಯ ಅನ್ನೋನು ಹತ್ತಿ ಕೂತ ಮರ ನಮ್ಮ ಅತ್ತಿ ಮರದ ಹತ್ತಿರದ ನೆಂಟ, ಅದಕ್ಕೂ ಕೊಂಬೆ ಕಾಂಡಕ್ಕೇ ಹಣ್ಣು ಗೊಂಚಲು ಬಿಡುತ್ತೆ, ಹಳ್ಳದ ದಂಡೇಲಿ ಅತ್ತಿ ಮರ ಇದ್ರೆ ಮಕ್ಕಳನ್ನ ಕರ್ಕೊಂಡು ಹೋಗಿ ತೋರ್ಸಿ.

ಪ್ರಶ್ನೆ (ಭದ್ರಾವತಿ): ಯೋನ ಹೋದ ನಿನೆವೆ ಈಗ ಎಲ್ಲಿದೆ?

ಉತ್ತರ: ಇರಾಕ್‌ನ ಮೊಸುಲ್ ನಗರದಲ್ಲಿ, ಟೈಗ್ರಿಸ್ ನದಿ ಪೂರ್ವ ದಂಡೇಲಿ ಅದರ ಗೋಡೆಗಳ ಉಳಿಕೆ ಇದೆ. ಅಶ್ಶೂರ (ಅಸ್ಸೀರಿಯ) ಅನ್ನೋ ಹಳೇ ಸಾಮ್ರಾಜ್ಯದ ರಾಜಧಾನಿ ಆಗಿತ್ತು, ಕ್ರಿ.ಪೂ. 612ರಲ್ಲಿ ಬಿತ್ತು. ಯೋನನ ಪುಸ್ತಕದ ಕೊನೆ ಸಾಲು ಓದಿ, ಎಡಗೈ ಬಲಗೈ ಗೊತ್ತಿಲ್ಲದ ಲಕ್ಷದಿಪ್ಪತ್ತು ಸಾವಿರ ಜನ ಇದಾರೆ, ದನಕರುನೂ ಬೇಕಾದಷ್ಟಿವೆ, ನಾನು ಅಯ್ಯೋ ಅನ್ನಬಾರ್ದಾ ಅಂತ ದೇವರು ಕೇಳ್ತಾನೆ. ಕೊಟ್ಟಿಗೆ ಇರೋ ಮನೆಯವರಿಗೆ ಆ ದನಕರುವಿನ ಮಾತು ಬೇಗ ತಾಗುತ್ತೆ.

ಪ್ರಶ್ನೆ (ಹೊಸನಗರ): ಯೆರೂಸಲೇಮಿಗೆ ನದಿನೇ ಇಲ್ಲ ಅಂತ ಓದ್ದೆ. ಅಷ್ಟು ದೊಡ್ಡ ಪಟ್ಟಣ ನದಿ ಇಲ್ಲದೆ ಹೇಗೆ ಬದುಕ್ತು?

ಉತ್ತರ: ನಿಜ, ನಮ್ಮ ಶಿವಮೊಗ್ಗಕ್ಕೆ ತುಂಗೆ ಇದಾಳೆ, ‘ತುಂಗಾ ಪಾನ, ಗಂಗಾ ಸ್ನಾನ’ ಅಂತ ಹೆಮ್ಮೆಲಿ ಹೇಳ್ಕೊಳ್ತೀವಿ, ಯೆರೂಸಲೇಮಿಗೆ ಅಂಥ ಹೊಳೆ ಇಲ್ಲ. ವರ್ಷದ ಮಳೆ ಸುಮಾರು 550 ಮಿ.ಮೀ., ಅದೂ ಚಳಿಗಾಲದಲ್ಲೇ, ಬೇಸಿಗೆ ಪೂರ್ತಿ ಒಣ. ಇದ್ದಿದ್ದು ಗೀಹೋನ್ ಅನ್ನೋ ಒಂದು ಒರತೆ, ಊರಿನ ಪೂರ್ವದ ಇಳಿಜಾರಿನ ಬುಡದಲ್ಲಿ. ಜೊತೆಗೆ ಬಂಡೆ ಕೊರೆದು ಮಳೆನೀರು ತುಂಬಿಸಿಡೋ ತೊಟ್ಟಿಗಳು.

ಕ್ರಿ.ಪೂ. 701ರಲ್ಲಿ ಅಶ್ಶೂರದ ಸನ್ಹೇರೀಬ ದಂಡೆತ್ತಿ ಬಂದ. ಅವನು ಬರ್ತಾನೆ ಅಂತ ಗೊತ್ತಾದಾಗ ಅರಸ ಹಿಜ್ಕೀಯನಿಗೆ ಇದ್ದ ಚಿಂತೆ ಇದು, ಅಶ್ಶೂರದವರು ಬಂದು ನಮ್ಮ ನೀರು ಯಾಕೆ ಕುಡೀಬೇಕು? ಒರತೆ ಬಾಯಿ ಮುಚ್ಚಿಸಿ, ಬೆಟ್ಟದ ಹೊಟ್ಟೆ ಒಳಗಿಂದ ನೀರನ್ನ ಊರೊಳಗಿನ ಕೊಳಕ್ಕೆ ತಿರುಗಿಸಿದ. ಕಾಸರಗೋಡು, ಪುತ್ತೂರಿನ ಕಡೆ ಗುಡ್ಡಕ್ಕೆ ಅಡ್ಡಡ್ಡ ಸುರಂಗ ಕೊರೆದು ತೋಟಕ್ಕೆ ನೀರು ತರ್ತಾರಲ್ಲ, ನೋಡಿದೋರಿಗೆ ಗೊತ್ತು ಅದರ ಕಷ್ಟ. ಇದು ಗಟ್ಟಿ ಸುಣ್ಣಕಲ್ಲಿನ ಬಂಡೇಲಿ 533 ಮೀಟರ್, ಹಾವಿನ ಥರ ಡೊಂಕು, ಈ ತುದಿಯಿಂದ ಆ ತುದಿಗೆ ಇಳಿಜಾರು ಒಂದಡಿ ಅಷ್ಟೇ, ಆದ್ರೂ ನೀರು ಹರಿಯುತ್ತೆ. ಎರಡು ತಂಡ ಎರಡು ಕಡೆಯಿಂದ ಕೊರೀತಾ ಬಂದ್ರು, ದಿಕ್ಸೂಚಿ ಇಲ್ಲ, ಕೈಲಿ ಎಣ್ಣೆ ದೀಪ ಮತ್ತೆ ಪಿಕಾಸಿ.

1880ರಲ್ಲಿ ಆ ಸುರಂಗದ ಗೋಡೆ ಮೇಲೆ ಹಳೇ ಹೀಬ್ರೂ ಅಕ್ಷರದ ಆರು ಸಾಲಿನ ಶಾಸನ ಸಿಕ್ತು. ಅದರಲ್ಲಿ ಅರಸನ ಹೆಸರೇ ಇಲ್ಲ! ಇರೋದು ಕೆಲಸದವರ ಮಾತು: ಇನ್ನು ಮೂರು ಮೊಳ ಕೊರೆಯೋದು ಬಾಕಿ ಇದ್ದಾಗ ಬಂಡೆ ಆಚೆಯಿಂದ ಒಬ್ಬ ತನ್ನ ಜೊತೆಗಾರನನ್ನ ಕೂಗೋ ದನಿ ಕೇಳಿಸ್ತು, ಆಮೇಲೆ ಪಿಕಾಸಿಗೆ ಪಿಕಾಸಿ ಎದುರಾಯ್ತು, ನೀರು 1200 ಮೊಳ ಹರಿದು ಕೊಳ ಸೇರ್ತು, ತಲೆ ಮೇಲೆ ಬಂಡೆ ನೂರು ಮೊಳ ದಪ್ಪ ಇತ್ತು. ಆ ಕಲ್ಲು ಈಗ ಇಸ್ತಾಂಬುಲ್‌ನ ಮ್ಯೂಸಿಯಂನಲ್ಲಿದೆ. ಇದನ್ನ ಎಷ್ಟು ಸಲ ಓದಿದ್ರೂ ನನಗೆ ಆ ಮೂರು ಮೊಳದ ಹತ್ರ ಬಂದಾಗ ಮೈ ಜುಮ್ ಅನ್ನುತ್ತೆ.

ಆ ನೀರು ಹೋಗಿ ಬೀಳೋ ಜಾಗನೇ ಸಿಲೋವ. ಯೋಹಾನ 9ರಲ್ಲಿ ಯೇಸುಸ್ವಾಮಿ ಹುಟ್ಟು ಕುರುಡನ ಕಣ್ಣಿಗೆ ಮಣ್ಣು ಹಚ್ಚಿ ‘ಹೋಗಿ ತೊಳ್ಕೋ’ ಅಂದ ಕೊಳ. ಅದಕ್ಕೂ ಏಳುನೂರು ವರ್ಷ ಮೊದಲು ಕತ್ತಲಲ್ಲಿ ಕೊರೆದು ತಂದ ನೀರಲ್ಲೇ ಅವನು ಕಣ್ಣು ತೊಳ್ಕೊಂಡಿದ್ದು. 2004ರಲ್ಲಿ ಚರಂಡಿ ಪೈಪ್ ಕೆಲಸ ಮಾಡೋವಾಗ ಆ ಕಾಲದ ಕೊಳದ ಮೆಟ್ಟಿಲು ಸಿಕ್ಕಿದ್ವು.

ಪ್ರಶ್ನೆ (ಶಿವಮೊಗ್ಗ): ಲವೊದಿಕೀಯ ಸಭೆಗೆ ‘ನೀನು ತಣ್ಣಗೂ ಇಲ್ಲ, ಬಿಸಿನೂ ಇಲ್ಲ, ಉಗುಳಿಬಿಡ್ತೀನಿ’ ಅಂತ ಬೈಬಲ್‌ನ ಕೊನೆ ಪುಸ್ತಕ ಪ್ರಕಟನೆಲಿ ಇದೆ. ತಣ್ಣಗಿದ್ರೂ ಪರವಾಗಿಲ್ಲ ಅಂದ್ರೆ ಭಕ್ತಿ ಇಲ್ಲದಿದ್ರೂ ಸರಿನಾ?

ಉತ್ತರ: ಬಿಸಿ ಅಂದ್ರೆ ಭಕ್ತಿ, ತಣ್ಣಗೆ ಅಂದ್ರೆ ನಾಸ್ತಿಕತನ ಅಂತ ತಗೊಂಡ್ರೆ ಈ ಗೊಂದಲ ಬರುತ್ತೆ. ಲವೊದಿಕೀಯ ಈಗಿನ ಟರ್ಕಿಲಿದೆ. ಹತ್ತಿರದ ಹಿಯೆರಾಪೊಲಿಲಿ ಬಿಸಿನೀರಿನ ಬುಗ್ಗೆ, ಮೈಕೈ ನೋವಿಗೆ ಜನ ಅಲ್ಲಿಗೆ ಹೋಗ್ತಿದ್ರು. ಆ ಕಡೆ ಕೊಲೊಸ್ಸೆಲಿ ಬೆಟ್ಟದ ತಣ್ಣೀರು. ಲವೊದಿಕೀಯಕ್ಕೆ ಕಲ್ಲಿನ ಪೈಪಲ್ಲಿ ದೂರದಿಂದ ನೀರು ಬರ್ತಿತ್ತು, ಆ ಪೈಪುಗಳ ಒಳಗೆ ಗಟ್ಟಿ ಸುಣ್ಣ ಕಟ್ಟಿರೋದು ಇವತ್ತೂ ಕಾಣುತ್ತೆ. ಬಿಸಿನೀರೂ ಉಪಯೋಗ, ತಣ್ಣೀರೂ ಉಪಯೋಗ, ಎರಡಕ್ಕೂ ಆಗದ ನೀರನ್ನ ಬಾಯಿಂದ ಉಗೀತೀವಿ. ಹೀಗೆ ಓದಿದ್ರೆ ಸರಿ ಕೂರುತ್ತೆ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ (ಸಾಗರ): ನಮ್ಮಜ್ಜಿ ಊರು ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದ್ದು. ಸಾಯೋ ತನಕ ಅವರಿಗೆ ‘ನಮ್ಮೂರು’ ಅಂದ್ರೆ ಅದೇ. ಬಾಬೆಲ್ ನದಿಗಳ ಹತ್ರ ಕೂತು ಅತ್ವಿ ಅನ್ನೋ 137ನೇ ಕೀರ್ತನೆ ಓದಿದ್ರೆ ಅವರೇ ನೆನಪಾಗ್ತಾರೆ, ಆದ್ರೆ ಕೂಸುಗಳನ್ನ ಬಂಡೆಗೆ ಬಡಿಯೋ ಆ ಕೊನೆ ವಾಕ್ಯ ಓದೋಕೇ ಆಗಲ್ಲ. ಬಾಬೆಲಲ್ಲಿ ಆ ಜನ ಹೇಗಿದ್ರು?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. 1964ರಲ್ಲಿ ಡ್ಯಾಂ ಮುಗಿದ ಮೇಲೆ ಶರಾವತಿ ಕಣಿವೆಯಿಂದ ಎದ್ದು ಬಂದ ಮನೆಗಳಲ್ಲಿ ಈ ಅಳು ಇವತ್ತಿಗೂ ಇದೆ, ಬರಗಾಲದಲ್ಲಿ ಹಿನ್ನೀರು ಇಳಿದು ಮಡೆನೂರಿನ ಹಳೇ ಡ್ಯಾಂ ಮೇಲೆ ಕಂಡಾಗ ಹೋಗಿ ನಿಂತು ನೋಡಿ ಬರೋರು ಇದಾರೆ. ಯೆರೂಸಲೇಮಿನದು ಯುದ್ಧದ ಕತೆ. ಬಾಬೆಲ್ (ಬ್ಯಾಬಿಲೋನ್) ರಾಜ ನೆಬೂಕದ್ನೆಚ್ಚರನ ಸೈನ್ಯ ಕ್ರಿ.ಪೂ. 586ರ ಹೊತ್ತಿಗೆ ದೇವಾಲಯ ಸುಟ್ಟು, ಜನರನ್ನ ನಡೆಸ್ಕೊಂಡು ಹೋಯ್ತು. ಬಾಬೆಲಲ್ಲಿ ಯೂಫ್ರೆಟಿಸ್ ನದಿ, ಅದರಿಂದ ತೆಗೆದ ಕಾಲುವೆಗಳು ಬೇಕಾದಷ್ಟು. ಬಂಡೆ ಕೊರೆದು ನೀರು ತಂದ ಊರಿನವರು ಅಷ್ಟು ನೀರಿನ ಪಕ್ಕ ಕೂತು ಅತ್ರು, ಅದನ್ನ ನೆನೆಸ್ಕೊಂಡು ಆ ಮೊದಲ ಸಾಲು ಓದಿ ನೋಡಿ.

ಕೊನೆ ವಾಕ್ಯ ಭಯಂಕರನೇ. ಬಹಳ ಕಡೆ ಆರಾಧನೆಲಿ ಅದನ್ನ ಬಿಟ್ಟು ಓದ್ತಾರೆ. ಅದು ದೇವರ ಅಪ್ಪಣೆ ಅಲ್ಲ, ತನ್ನ ಊರಲ್ಲಿ ಕಣ್ಣಾರೆ ಕಂಡಿದ್ದು ಅವರಿಗೂ ಆಗ್ಲಿ ಅಂತ ಹೊಟ್ಟೆ ಉರಿದು ಹಾಕಿದ ಶಾಪ. ನನಗೂ ಓದೋವಾಗ ಗಂಟಲು ಕಟ್ಟುತ್ತೆ, ಆದ್ರೂ ಹರಿದು ಹಾಕ್ದೆ ಉಳಿಸ್ಕೊಂಡಿದಾರಲ್ಲ, ಅದಕ್ಕೆ ನಾನು ಬಿಡದೆ ಓದ್ತೀನಿ.

ಅವರು ಹೇಗಿದ್ರು ಅಂತ ಕೇಳಿದ್ರಿ. ಮನೆ ಕಟ್ಕೊಳ್ಳಿ, ತೋಟ ಮಾಡಿ ಅಂತ ಪ್ರವಾದಿ ಯೆರೆಮೀಯ ಕಾಗದ ಬರೆದಿದ್ದ, ಹಾಗೇ ಮಾಡಿದ್ರು. ಇರಾಕ್‌ನಲ್ಲಿ ಸಿಕ್ಕ ಜೇಡಿಮಣ್ಣಿನ ಹಲಗೆಗಳಲ್ಲಿ ಅವರ ಗೇಣಿ, ತೆರಿಗೆ, ಜವೆಗೋಧಿ, ಖರ್ಜೂರದ ಲೆಕ್ಕ ಇದೆ. ಅವರು ನೆಲೆಸಿದ್ದ ಒಂದು ಹಳ್ಳಿಗೆ ಹೆಸರೇ ಅಲ್-ಯಾಹುದು, ಅಂದ್ರೆ ಯೂದಾಯದವರ ಊರು. ಪರ್ಷಿಯದ ಕೋರೆಷ ರಾಜ ಕ್ರಿ.ಪೂ. 539ರಲ್ಲಿ ಬಾಬೆಲ್ ಗೆದ್ದು ವಾಪಸ್ ಹೋಗಿ ಅಂದಾಗ, ಹೊರಟವರ ಪಟ್ಟಿ ಎಜ್ರನ ಎರಡನೇ ಅಧ್ಯಾಯದಲ್ಲಿದೆ, ಸುಮ್ಮನೆ ಹೆಸರು ನಂಬರ್ ಅಂತ ಎಲ್ಲರೂ ದಾಟಿಸಿ ಓದೋ ಅಧ್ಯಾಯ. ಬೇತ್ಲೆಹೇಮಿನವರು 123, ಯೆರಿಕೋದವರು 345. ಆ ಪಟ್ಟಿಲಿದ್ದೋರಲ್ಲಿ ಹೆಚ್ಚಿನವರು ಆ ಊರುಗಳನ್ನ ನೋಡೇ ಇರಲಿಕ್ಕಿಲ್ಲ, ಬಾಬೆಲಲ್ಲೇ ಹುಟ್ಟಿ ಬೆಳೆದೋರು. ಆದ್ರೂ ಬರ್ಕೊಳ್ಳೋನು ‘ನಿಮ್ಮದು ಯಾವೂರು’ ಅಂದಾಗ ಅವರು ಹೇಳಿದ್ದು ಅಜ್ಜ ಅಜ್ಜಿ ಊರನ್ನೇ.