ಲಸಿಕೆ ಹಾಕಿಸಿದ ಮೇಲೆ ಕುದುರೆ ಮೇವು ಮುಟ್ಟುತ್ತಿಲ್ಲ

ಪ್ರಶ್ನೆ: ಡಾಕ್ಟ್ರೇ, ಕಾರವಾರದ ಬೀಚಿನಲ್ಲಿ ಮಕ್ಕಳನ್ನು ಕೂರಿಸಿ ಸುತ್ತಾಡಿಸಲು ಒಂದು ಬಿಳಿ ಹೆಣ್ಣು ಕುದುರೆ ಸಾಕಿದ್ದೇನೆ. ಎಂಟು ವರ್ಷ. ಬುಧವಾರ ಮೊದಲ ಸಲ ಧನುರ್ವಾಯು ಲಸಿಕೆ ಹಾಕಿಸಿದೆ, ಕುತ್ತಿಗೆಯ ಎಡಗಡೆ. ಮರುದಿನ ಅಲ್ಲಿ ನಿಂಬೆಹಣ್ಣಿನಷ್ಟು ಗಂಟು. ಹುಲ್ಲು ಮುಟ್ಟುತ್ತಿಲ್ಲ, ನೀರೂ ಬೇಡ. ಮೈ ಬಿಸಿ ಇದೆ. ಬಿಸಿ ಎಣ್ಣೆ ಹಾಕಿ ತಿಕ್ಕಲಾ? ಭಾನುವಾರ ಮದುವೆ ದಿಬ್ಬಣಕ್ಕೆ ಒಪ್ಪಿಕೊಂಡಿದ್ದೇನೆ. ಇನ್ನೊಂದು ಡೋಸ್ ಇದೆಯಂತೆ, ಮನೆಯಲ್ಲಿ ಬೇಡವೇ ಬೇಡ ಅನ್ನುತ್ತಿದ್ದಾರೆ.
– ಒಬ್ಬ ಓದುಗರು, ಕಾರವಾರ

ಉತ್ತರ: ನಿಮ್ಮ ಸಂದೇಶ ನೋಡಿದ ಕೂಡಲೇ ಶಿರಸಿಯಿಂದ ಫೋನ್ ಮಾಡಿದೆ. ಪತ್ರಿಕೆ ಅಚ್ಚಾಗುವ ತನಕ ಕುದುರೆ ಹಸಿದಿರಬಾರದಲ್ವಾ? ಬಕೆಟ್ ಎಲ್ಲಿಟ್ಟಿದ್ದೀರಿ ಅಂತ ಮೊದಲು ಕೇಳಿದೆ. ನೆಲದ ಮೇಲೆ ಅಂದಿರಿ. ಅವಳಿಗೆ ಹಸಿವಿತ್ತು, ಬಾಯಾರಿಕೆಯೂ ಇತ್ತು. ಕುತ್ತಿಗೆ ಬಗ್ಗಿಸಲು ಆಗುತ್ತಿರಲಿಲ್ಲ. ಬಕೆಟನ್ನೂ ಹುಲ್ಲನ್ನೂ ಎದೆಮಟ್ಟಕ್ಕೆ ಎತ್ತಿ ಕಟ್ಟಿದ ಮೇಲೆ ಒಂದೇ ಸಲಕ್ಕೆ ಅರ್ಧ ಬಕೆಟ್ ಕುಡಿದಳು ಅಂತ ನೀವು ಹೇಳಿದಾಗ ನನಗೆ ತುಂಬಾ ಸಮಾಧಾನವಾಯಿತು. ಬೇರೆ ಕುದುರೆಯವರಿಗೂ ಗೊತ್ತಿರಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಸೂಜಿ ಚುಚ್ಚಿದಲ್ಲಿ ಸಣ್ಣ ಊತ, ನೋವು, ಸ್ವಲ್ಪ ಜ್ವರ, ಮಂಕು – ಇವು ಸಾಮಾನ್ಯ. ಹೆಚ್ಚಾಗಿ ಎರಡು ದಿನದಲ್ಲಿ ಇಳಿಯುತ್ತವೆ. ಆದರೆ ಕೈಯಿಟ್ಟು ಜ್ವರ ಅಳೆಯಬೇಡಿ. ಕಾರವಾರದ ಸೆಕೆಯಲ್ಲಿ ಎಲ್ಲ ಕುದುರೆಯ ಮೈಯೂ ಬಿಸಿಯೇ. ಥರ್ಮಾಮೀಟರಿಗೆ ದಾರ ಕಟ್ಟಿ ಗುದದಲ್ಲಿಟ್ಟು ನೋಡಿ. 99ರಿಂದ 101.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಮಾಮೂಲು.

ಬಿಸಿ ಎಣ್ಣೆ ಬೇಡ, ತಿಕ್ಕುವುದಂತೂ ಬೇಡವೇ ಬೇಡ. ತಣ್ಣೀರು ಬಟ್ಟೆ ಇಡಿ, ಹತ್ತು ಹತ್ತು ನಿಮಿಷ. ಜೀನು ಹಾಕದೆ, ಹಗ್ಗ ಹಿಡಿದು ನಿಧಾನ ನಡೆಸಿ. ಮೈಕೈ ಆಡಿದರೆ ಬಿಗಿತ ಬೇಗ ಬಿಡುತ್ತದೆ. ನೋವಿನ ಔಷಧಿಯನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ.

ನಾನು ಹೆದರುವುದು ಮೊದಲ ಅರ್ಧ ಗಂಟೆಗೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಂದು ಕುದುರೆಗೆ ಲಸಿಕೆ ಹಾಕಿ ಚೀಲ ಕಟ್ಟುತ್ತಿದ್ದೆ. ನೋಡುನೋಡುತ್ತಿದ್ದಂತೆ ಮೈತುಂಬ ದದ್ದು ಎದ್ದವು, ಮೂತಿ ಊದಿತು, ಉಸಿರಿಗೆ ಒದ್ದಾಡತೊಡಗಿತು. ಇಂಥ ಅಲರ್ಜಿಗೆ ಕೂಡಲೇ ಚುಚ್ಚುವ ಔಷಧಿ ಅಡ್ರಿನಾಲಿನ್ ಕೈಯಲ್ಲೇ ಇತ್ತು, ಬದುಕಿತು. ಆಮೇಲೆ ನಿವೃತ್ತಿಯಾಗುವ ತನಕ ಲಸಿಕೆ ಹಾಕಿ ಅರ್ಧ ಗಂಟೆ ಕಾಯದೆ ನಾನು ಯಾವ ಲಾಯವನ್ನೂ ಬಿಟ್ಟವನಲ್ಲ. ಇಂಥದ್ದು ಅಪರೂಪ. ಆದರೆ ಬಂದರೆ ಪುರುಸೊತ್ತು ಕೊಡುವುದಿಲ್ಲ.

ಇನ್ನೊಂದು ವಿಷಯ. ಗಂಟು ಇಳಿಯುವ ಬದಲು ದಿನದಿನ ದೊಡ್ಡದಾದರೆ, ಕೀವು ತುಂಬಿದಂತೆ ಮೆತ್ತಗಾದರೆ, ಡಾಕ್ಟರಿಗೆ ತೋರಿಸಿ. ಒತ್ತಿದಾಗ ಚರ್ಮದಡಿ ಚರಚರ ಅಂದರೆ ನಾಳೆ ಅನ್ನಬೇಡಿ. ಆಗಲೇ ಕರೆಸಿ, ರಾತ್ರಿಯಾಗಿದ್ದರೂ ಸರಿ. ಅದು ಮಾಂಸ ಕೊಳೆಸುವ ಸೋಂಕು, ಜೀವ ತೆಗೆಯುತ್ತದೆ.

ದಿಬ್ಬಣಕ್ಕೆ ಈ ಸಲ ಬೇರೆ ಕುದುರೆ ನೋಡಿಕೊಳ್ಳಲು ಈಗಲೇ ಹೇಳಿಬಿಡಿ. ಕುತ್ತಿಗೆ ನೋಯುತ್ತಿರುವ ಕುದುರೆ ಪಟಾಕಿ, ಬ್ಯಾಂಡಿಗೆ ಬೆದರಿದರೆ ಮದುಮಗ ಬೀಳುತ್ತಾನೆ.

ಎರಡನೇ ಡೋಸ್? ಖಂಡಿತ ಹಾಕಿಸಿ, ನಾಲ್ಕರಿಂದ ಆರು ವಾರದೊಳಗೆ. ಒಂದೇ ಡೋಸಿನ ರಕ್ಷಣೆಯನ್ನು ನಂಬುವಂತಿಲ್ಲ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಬೇಗ ಸಿಗುವುದು ಬೇರೊಂದಿಲ್ಲ. ಅದರ ರೋಗಾಣು ಮಣ್ಣಿನಲ್ಲಿದೆ, ಕುದುರೆಯ ಲದ್ದಿಯಲ್ಲೂ ಇದೆ. ನಿಮ್ಮದು ನಡೆಯುವ ದಂಡೆಯಲ್ಲಿ ಮೀನಿನ ಗಾಳ, ತುಕ್ಕು ಮೊಳೆ ಏನೆಲ್ಲ ಬಿದ್ದಿರುತ್ತವೆ. ಗೊರಸಿಗೆ ಒಂದು ಚುಚ್ಚಿದರೂ ಸಾಕು. ದವಡೆ ಕಚ್ಚಿಕೊಂಡು, ಕಾಲು ಮರಗಟ್ಟಿ ನಿಂತ ಕುದುರೆಗಳನ್ನು ನಾನು ಕಂಡಿದ್ದೇನೆ. ಅವುಗಳಲ್ಲಿ ಉಳಿದದ್ದು ಕಡಿಮೆ. ನಿಂಬೆಹಣ್ಣಿನಷ್ಟು ಗಂಟಿಗೆ ಹೆದರಿ ಅಂಥ ಸಾವಿಗೆ ಅವಳನ್ನು ಬಿಡಬೇಡಿ. ಡಾಕ್ಟರಿಗೆ ಈ ಸಲದ ಊತದ ಬಗ್ಗೆ ಮೊದಲೇ ಹೇಳಿ, ಬಾಟಲಿಯ ಲೇಬಲ್ ಫೋಟೋ ತೋರಿಸಿ, ಮುಂದಿನ ಸೂಜಿ ಬಲಗಡೆಗೆ ಹಾಕಿಸಿ. ಹಿಂದಿನ ರಾತ್ರಿಯೇ ಬಕೆಟ್ ಮೇಲಕ್ಕೆ ಕಟ್ಟಿಡಿ.