ಅಣ್ಣನಿಗೆ ಕಿಡ್ನಿ, ತಂಗಿಗೆ ಹತ್ತು ಗುಂಟೆ

ಕುಮಟಾದಿಂದ ಬಂದ ಪತ್ರ ನಾಲ್ಕು ಪುಟ ಇದೆ. ಮೂರನೇ ಪುಟದ ಕೊನೆಯ ಒಂದು ಸಾಲು ಎರಡು ದಿನದಿಂದ ನನ್ನ ತಲೆ ತಿನ್ನುತ್ತಿದೆ. ಮೊದಲು ವಿಷಯ ಹೇಳಿಬಿಡುತ್ತೇನೆ.

ಬರೆದವರಿಗೆ 38 ವರ್ಷ. ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾರೆ. ತವರು ಶಿರಸಿ ಹತ್ತಿರದ ಹಳ್ಳಿ. ಅಣ್ಣನ ಎರಡೂ ಕಿಡ್ನಿ ಕೈಕೊಟ್ಟಿವೆ, ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಯಿಗೆ, ಅಂದರೆ ತಾಯಿಗೆ, ಶುಗರ್ ಇದೆ, ಕೊಡುವ ಹಾಗಿಲ್ಲ. ಇವರ ರಕ್ತದ ಗುಂಪು ಹೊಂದುತ್ತದೆ. "ಸುಮ್ನೆ ತಗೊಳ್ಳಲ್ಲ, ಹತ್ತು ಗುಂಟೆ ಅಡಿಕೆ ತೋಟ ನಿನ್ನ ಹೆಸರಿಗೆ ಮಾಡಿಕೊಡ್ತೇನೆ" ಅಂದಿದ್ದಾನೆ ಅಣ್ಣ. ಒಡಹುಟ್ಟಿದವನಿಂದ ತೋಟ ಇಸಕೊಳ್ಳಲು ನಾಚಿಕೆಯಾಗಬೇಕು ಎಂದು ಆಯಿ. ಆಪರೇಷನ್‌ಗೆ ಮೊದಲೇ ರಿಜಿಸ್ಟರ್ ಮಾಡಿಸಿಕೋ ಎಂದು ಗಂಡ. ನಡುವೆ ಕೂತು ಮಾತುಕತೆ ನಡೆಸುತ್ತಿರುವವರು ಚಿಕ್ಕಪ್ಪ. ಇವರ ಪ್ರಶ್ನೆ: "ತೋಟ ತಗೊಂಡರೆ ನಾನು ಕಿಡ್ನಿ ಮಾರಿದ ಹಾಗೆ ಆಗುತ್ತದಾ?"

ಆಗುತ್ತದೆ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನೋಟಿನ ಕಟ್ಟೇ ಬೇಕೆಂದಿಲ್ಲ, ಬೆಲೆ ಬಾಳುವ ಏನನ್ನು ಕೊಟ್ಟರೂ ಅದು ಹಣವೇ. 2011ರ ತಿದ್ದುಪಡಿಯ ನಂತರ ಶಿಕ್ಷೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ. ಕೊಟ್ಟವರಿಗೂ ಸರಿ, ತಗೊಂಡವರಿಗೂ ಸರಿ. ತಂಗಿ ಅಣ್ಣನಿಗೆ ಕಿಡ್ನಿ ಕೊಡಲು ಅಡ್ಡಿಯಿಲ್ಲ. ಆದರೆ 'ಇದಕ್ಕಾಗಿ ನನಗೆ ಯಾರೂ ಏನೂ ಕೊಟ್ಟಿಲ್ಲ, ಮುಂದೆ ಕೊಡುವುದೂ ಇಲ್ಲ' ಎಂದು ನೀವು ಬರೆದುಕೊಡಬೇಕು. ತೋಟದ ಕಾಗದ ಬ್ಯಾಗಿನಲ್ಲಿಟ್ಟುಕೊಂಡು ಅದಕ್ಕೆ ಸಹಿ ಹಾಕುತ್ತೀರಾ?

ಈಗ ಆ ಸಾಲು. "ತೋಟದಲ್ಲಿ ನನಗೇನೂ ಹಕ್ಕಿಲ್ಲ, 2013ರಲ್ಲಿ ಅಪ್ಪಯ್ಯ ತೀರಿಕೊಂಡಾಗ ಚಿಕ್ಕಪ್ಪ ತಂದ ಕಾಗದಕ್ಕೆ ಸಹಿ ಹಾಕಿಕೊಟ್ಟಿದ್ದೇನೆ."

ಅಜ್ಜನ ಕಾಲದ ಎರಡು ಎಕರೆ ತೋಟ ಅಂತ ನೀವೇ ಬರೆದಿದ್ದೀರಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಪಾಲು ಮಗಳಿಗೂ ಎಂದು 2005ರಲ್ಲೇ ಕಾನೂನಾಗಿದೆ. ಆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕದಿದ್ದರೆ ನಿಮಗೆ ಹತ್ತು ಗುಂಟೆಗಿಂತ ಜಾಸ್ತಿಯೇ ಬರುತ್ತಿತ್ತು. ಅಂದರೆ ಅವರು ನಿಮ್ಮದನ್ನೇ ನಿಮಗೆ ತಿರುಗಿ ಕೊಡುತ್ತಿದ್ದಾರೆ. ಅದಕ್ಕೆ ಬದಲು ಒಂದು ಕಿಡ್ನಿ!

ಅಣ್ಣನ ಮೇಲೆ ನನಗೆ ಸಿಟ್ಟಿಲ್ಲ. ಜೀವಭಯದಲ್ಲಿರುವವನು ಕೈಯಲ್ಲಿದ್ದದ್ದನ್ನು ಮುಂದೆ ಇಟ್ಟಿದ್ದಾನೆ. ಸಿಟ್ಟು ಬರುವುದು ಚಿಕ್ಕಪ್ಪನ ಮೇಲೆ. ಅಂದು ಕಾಗದ ತಂದವರೂ ಅವರೇ, ಇಂದು ಗುಂಟೆ ಲೆಕ್ಕ ಹಾಕುವವರೂ ಅವರೇ. ಮದುವೆ, ಪಾಲು, ತಿಥಿ, ಎಲ್ಲದರಲ್ಲೂ ಮುಂದೆ ನಿಲ್ಲುವ ಇಂಥವರೊಬ್ಬರು ನಮ್ಮ ಕಡೆ ಮನೆಮನೆಗೂ ಇದ್ದಾರೆ. ಬೆಂಗಳೂರಿನಲ್ಲಿರುವ ನಿಮ್ಮ ತಮ್ಮನ ರಕ್ತ ಪರೀಕ್ಷೆ ಮಾಡಿಸಿ ಅಂತ ಅವರು ಯಾಕೆ ಹೇಳಲಿಲ್ಲ? "ಅವನಿಗಿನ್ನೂ ಮದುವೆಯಾಗಬೇಕು" ಅಂತೆ. ಅತ್ತಿಗೆಯ ಮಾತೇ ಪತ್ರದಲ್ಲಿಲ್ಲ. ಅವರ ಗುಂಪು ಹೊಂದದಿದ್ದರೆ, ಇದೇ ಕಷ್ಟದಲ್ಲಿರುವ ಇನ್ನೊಂದು ಕುಟುಂಬದ ಜೊತೆ ಕಿಡ್ನಿ ಅದಲು ಬದಲು ಮಾಡಿಕೊಳ್ಳಲು 2011ರ ತಿದ್ದುಪಡಿಯಲ್ಲಿ ಅವಕಾಶ ಇದೆ. ನಮ್ಮ ದೇಶದಲ್ಲಿ ಬದುಕಿದ್ದಾಗ ಅಂಗ ಕೊಡುವವರಲ್ಲಿ ಹೆಂಗಸರು ಜಾಸ್ತಿ, ಪಡೆಯುವವರಲ್ಲಿ ಗಂಡಸರು ಜಾಸ್ತಿ. ಕೊಡುವವಳು ಹೆಣ್ಣಾದರೆ ಅವಳು ಮನಸಾರೆ ಒಪ್ಪಿದ್ದಾಳಾ ಎಂದು ವಿಶೇಷವಾಗಿ ನೋಡಬೇಕು ಅಂತ 2014ರ ನಿಯಮಗಳಲ್ಲಿ ಸುಮ್ನೆ ಬರೆದಿಲ್ಲ.

ನಿಮ್ಮ ಯಜಮಾನರು ಕೇಳಿದ್ದು ಮಾತ್ರ ನನಗೆ ಹಿಡಿಸಿತು. "ಡಾಕ್ಟರಿಗೆ ಫೀಸು, ಆಸ್ಪತ್ರೆಗೆ ಬಿಲ್ಲು, ಕೊಟ್ಟವಳಿಗೆ ಬರೀ ಹೊಗಳಿಕೆಯಾ?" ನ್ಯಾಯವಾದ ಪ್ರಶ್ನೆ. ಇರಾನಿನಲ್ಲಿ ಕಿಡ್ನಿ ಕೊಟ್ಟವರಿಗೆ ಹಣ ಕೊಡಲು ಕಾನೂನಿನ ಒಪ್ಪಿಗೆಯೇ ಇದೆ. ಆದರೆ ನನಗೆ ನೆನಪಾಗುವುದು ಚೆನ್ನೈ. ಅಲ್ಲಿ ಕಿಡ್ನಿ ಮಾರಿದ್ದ 305 ಜನರನ್ನು 2001ರಲ್ಲಿ ಸಂಶೋಧಕರು ಮಾತಾಡಿಸಿದ್ದರು. ನೂರಕ್ಕೆ 96 ಜನ ಸಾಲ ತೀರಿಸಲು ಮಾರಿದವರು. ಅವರಲ್ಲಿ ಮುಕ್ಕಾಲು ಪಾಲು ಜನರಿಗೆ ವರ್ಷಗಳು ಕಳೆದ ಮೇಲೂ ಸಾಲ ಇದ್ದೇ ಇತ್ತು. ಮನೆಯ ಆದಾಯ ಮೂರರಲ್ಲಿ ಒಂದು ಪಾಲು ಇಳಿದಿತ್ತು. ಕಿಡ್ನಿಗೆ ಬೆಲೆ ಕಟ್ಟಿದರೆ ಮಾರುವವರು ಯಾರು ಅಂತ ಇದರಲ್ಲೇ ಗೊತ್ತಾಗುತ್ತದೆ ಅಲ್ವಾ?

ಹಾಗಂತ ಕೈಯಿಂದ ಕಳೆದುಕೊಳ್ಳಬೇಕಾಗಿಲ್ಲ. ಕೊಡುವವರ ಖರ್ಚನ್ನೂ ಹೋದ ದುಡಿಮೆಯನ್ನೂ ತುಂಬಿಕೊಡುವುದನ್ನು ಅದೇ ಕಾಯ್ದೆ ಒಪ್ಪುತ್ತದೆ. ಅದು ಬೆಲೆ ಅನಿಸಿಕೊಳ್ಳುವುದಿಲ್ಲ. ನನ್ನ ನೋಟ್‌ಬುಕ್ ಹುಚ್ಚು ಈ ಅಂಕಣ ಓದುವವರಿಗೆಲ್ಲ ಗೊತ್ತು, ಆದರೂ ಮತ್ತೆ ಹೇಳುತ್ತೇನೆ. ದೇವಿಮನೆ ಘಟ್ಟ ಹತ್ತಿ ಇಳಿದ ಬಾಡಿಗೆ ಬರೆದಿಡಿ. ದೊಡ್ಡ ಕಾಯಿಲೆ ಬಂದರೆ ನಮ್ಮ ಜಿಲ್ಲೆಯವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಅಲ್ಲಿ ಉಳಿದ ಖರ್ಚು, ಪರೀಕ್ಷೆಗಳ ಖರ್ಚು, ಅಂಗಡಿ ಮುಚ್ಚಿದ ದಿನಗಳು, ಎಲ್ಲ ಬರೆದಿಡಿ. ಬಿಲ್ಲು, ಚೀಟಿ ಜೋಪಾನ. ಅದನ್ನು ಅಣ್ಣ ಕೊಟ್ಟರೆ ನಾಚಿಕೆಪಡಬೇಡಿ, ಆಯಿ ಏನೇ ಹೇಳಲಿ.

ಕೊಡಬೇಕೋ ಬೇಡವೋ ಅಂತ ನಾನು ಹೇಳುವುದಿಲ್ಲ. ನೀವೂ ಅದನ್ನು ಎಲ್ಲೂ ಬರೆದಿಲ್ಲ. ತೋಟ ತಗೋಬೇಕಾ ಅಂತ ನಾಲ್ಕು ಪುಟ ಕೇಳಿದ್ದೀರಿ. ಕಿಡ್ನಿ ಕೊಡಲು ನಿಮಗೆ ಮನಸ್ಸಿದೆಯಾ ಅಂತ ಯಾರೂ ನಿಮ್ಮನ್ನು ಕೇಳಿದ ಹಾಗಿಲ್ಲ.

ಮಾಡಬೇಕಾದದ್ದು ಒಂದೇ. ಇವತ್ತು ಅಣ್ಣನಿಗೆ ನೀವೇ ಫೋನ್ ಮಾಡಿ ಹೀಗೆ ಹೇಳಿ: "ತೋಟದ ಮಾತು ಈಗ ಬೇಡ. ನಾನು ಒಬ್ಬಳೇ ಡಾಕ್ಟರ ಹತ್ತಿರ ಮಾತಾಡಿ ಬಂದು ಆಗುತ್ತೋ ಇಲ್ಲವೋ ಹೇಳುತ್ತೇನೆ. ನನ್ನ ಪಾಲಿನ ಮಾತು ಬೇರೆ. ಕಿಡ್ನಿ ಕೊಡದಿದ್ದರೂ ಅದನ್ನು ಕೇಳುವವಳೇ." ಸಹಿ ಹಾಕಿದ ಪತ್ರವನ್ನು ಕೋರ್ಟಿನಲ್ಲಿ ಬಿಡಿಸುವುದು ಸುಲಭವಲ್ಲ, ಅದಕ್ಕೆ ಆಮೇಲೆ ವಕೀಲರನ್ನು ನೋಡಿ.

ಅಷ್ಟರೊಳಗೆ ಚಿಕ್ಕಪ್ಪನ ಫೋನ್ ಬಂದರೆ ಎತ್ತಬೇಡಿ.